ಕೆಸರಿನ ಗುಳ್ಳೆಗೆ ಬೆಂಕಿ ತೋರಿಸಿದ ವೋಲ್ಟಾ

ಮಕ್ಕಳೇ, ಮೊಳಕಾಲ್ಮುರು ತಾಲ್ಲೂಕಿನ ಕೊಂಡ್ಲಹಳ್ಳಿಯಂಥ ಊರುಗಳಲ್ಲಿ ಮಳೆ ಕಡಿಮೆ. ಬಿದ್ದ ಅಷ್ಟಿಷ್ಟು ಮಳೆಯ ನೀರು ಕೆರೆಯಲ್ಲೋ ಗೋಕಟ್ಟೆಯಲ್ಲೋ ಕೆಲವು ತಿಂಗಳು ನಿಲ್ಲುತ್ತದೆ. ನೀರು ಇಳಿಯುತ್ತ ಬಂದಾಗ ಎಮ್ಮೆಗಳು ಅದರಲ್ಲಿ ಇಳಿಯುವುದನ್ನು ನೀವು ದಡದಲ್ಲಿ ನಿಂತು ನೋಡಿರುತ್ತೀರಿ. ಎಮ್ಮೆ ಕಾಲಿಟ್ಟ ಕಡೆಯೆಲ್ಲ ತಳದ ಕೆಸರಿನಿಂದ ಗುಳುಗುಳು ಎಂದು ಗುಳ್ಳೆಗಳು ಮೇಲೇಳುತ್ತವೆ. ನೀರಿನ ಮೇಲೆ ಬಂದು ಪಟ್ಟನೆ ಒಡೆದುಹೋಗುತ್ತವೆ. ಆ ಗುಳ್ಳೆಯ ಒಳಗೆ ಏನಿದೆ?

ಗಾಳಿ ಎಂದು ಹೇಳಿ ನಾವು ಸುಮ್ಮನಾಗುತ್ತೇವೆ. 1776ರಲ್ಲಿ ಇಟಲಿಯ ಒಬ್ಬ ಮೇಷ್ಟ್ರು ಸುಮ್ಮನಾಗಲಿಲ್ಲ. ಅಂಥ ಗುಳ್ಳೆಗಳನ್ನು ಬಾಟಲಿಯಲ್ಲಿ ಹಿಡಿದು, ಬಾಟಲಿಯ ಬಾಯಿಗೆ ಬೆಂಕಿ ತೋರಿಸಿದ. ಆತನ ಹೆಸರು ಅಲೆಸ್ಸಾಂಡ್ರೊ ವೋಲ್ಟಾ. ಈ ಹೆಸರನ್ನು ನೀವು ಕೇಳಿದ್ದೀರಿ. ಟಾರ್ಚಿನ ಸೆಲ್ಲಿನ ಮೇಲೆ 1.5 ವೋಲ್ಟ್ ಎಂದು ಬರೆದಿರುತ್ತದಲ್ಲ, ಅದು ಆತನ ನೆನಪಿಗೆ ಇಟ್ಟ ಹೆಸರು. ಆದರೆ ವಿದ್ಯುತ್ಕೋಶವನ್ನು ಮಾಡುವುದಕ್ಕೆ 23 ವರ್ಷ ಮೊದಲೇ ಆತ ಇನ್ನೊಂದು ದೊಡ್ಡ ಸಂಗತಿಯನ್ನು ಕಂಡುಹಿಡಿದಿದ್ದ. ಅದರ ಬಗ್ಗೆ ಪಾಠಪುಸ್ತಕಗಳು ಹೆಚ್ಚು ಹೇಳುವುದಿಲ್ಲ. ಆದ್ದರಿಂದ ಇಲ್ಲಿ ಅದನ್ನೇ ಸ್ವಲ್ಪ ಸಾವಕಾಶವಾಗಿ ನೋಡೋಣ.

ವೋಲ್ಟಾ ಹುಟ್ಟಿದ್ದು 1745ರ ಫೆಬ್ರವರಿ 18ರಂದು, ಕೋಮೋ ಎಂಬ ಊರಿನಲ್ಲಿ. ಆಗ ಇಟಲಿ ಒಂದೇ ದೇಶವಾಗಿರಲಿಲ್ಲ. ಕೋಮೋ ಆಸ್ಟ್ರಿಯಾದ ಆಳ್ವಿಕೆಯಲ್ಲಿತ್ತು. ಮೊಳಕಾಲ್ಮುರಿನ ಹಾಗೆ ಕೋಮೋ ಕೂಡ ರೇಷ್ಮೆಗೆ ಹೆಸರಾದ ಊರು. ಊರಿನ ಪಕ್ಕದಲ್ಲೇ ದೊಡ್ಡ ಸರೋವರ, ಸುತ್ತ ಬೆಟ್ಟಗಳು. ವೋಲ್ಟಾನದು ಹೆಸರಿಗೆ ದೊಡ್ಡ ಮನೆತನ, ಕೈಯಲ್ಲಿ ಮಾತ್ರ ಕಾಸಿಲ್ಲ. ಹುಡುಗನಿಗೆ ನಾಲ್ಕು ವರ್ಷವಾದರೂ ಮಾತು ಬರಲಿಲ್ಲ. ಮನೆಯವರು ಇವನು ಮಂದಬುದ್ಧಿಯವನೇ ಇರಬೇಕು ಎಂದುಕೊಂಡರು. ಆಮೇಲೆ ಮಾತು ಬಂತು, ಚೆನ್ನಾಗಿಯೇ ಬಂತು. ಏಳು ವರ್ಷದವನಾಗುವ ಹೊತ್ತಿಗೆ ಶಾಲೆಯಲ್ಲಿ ಬೇರೆ ಹುಡುಗರ ಸಮಕ್ಕೆ ನಿಂತಿದ್ದ. ಆದರೆ ಅದೇ ಸುಮಾರಿಗೆ ತಂದೆ ತೀರಿಕೊಂಡರು. ಬಿಟ್ಟುಹೋದದ್ದು ಸಾಲ. ಪಾದ್ರಿಯಾಗಿದ್ದ ಒಬ್ಬ ಚಿಕ್ಕಪ್ಪ ಹುಡುಗನನ್ನು ಓದಿಸಿದರು.

ವೋಲ್ಟಾನ ಬಾಲ್ಯದ ಬಗ್ಗೆ ಒಂದು ಕಥೆ ಹೇಳುತ್ತಾರೆ. ಹತ್ತಿರದ ಒಂದು ಬುಗ್ಗೆಯ ನೀರಿನಲ್ಲಿ ಚಿನ್ನದ ಚೂರುಗಳು ಹೊಳೆಯುತ್ತವೆ ಎಂಬ ಸುದ್ದಿ ಹುಡುಗನ ಕಿವಿಗೆ ಬಿತ್ತು. ನೋಡಿಯೇ ಬಿಡೋಣ ಎಂದು ಹೋದವನು ಕಾಲುಜಾರಿ ನೀರಿಗೆ ಬಿದ್ದ. ಇನ್ನೇನು ಮುಳುಗಿದ ಎನ್ನುವಾಗ ಯಾರೋ ಎಳೆದುಕೊಂಡರು. ಹೊಳೆಯುತ್ತಿದ್ದದ್ದು ಚಿನ್ನವಲ್ಲ, ಬರೀ ಅಭ್ರಕ. ಕಾಗೆ ಬಂಗಾರ ಎಂದು ನೀವು ಆರಿಸಿ ಆಡುತ್ತೀರಲ್ಲ, ಅದೇ. ಕಥೆ ಪೂರ್ತಿ ನಿಜವೋ, ಹೇಳುತ್ತ ಹೇಳುತ್ತ ಬೆಳೆಯಿತೋ, ಇರಲಿ. ಹೋಗಿ ನೋಡುವ ಗುಣ ಮಾತ್ರ ಆತನಿಗೆ ಕೊನೆಯವರೆಗೂ ಇತ್ತು. ನೀವು ನೀರಿನ ಅಂಚಿಗೆ ಒಬ್ಬರೇ ಹೋಗಬೇಡಿ.

ಗುರುಗಳಿಗೆ ಈ ಹುಡುಗ ಪಾದ್ರಿಯಾಗಲಿ ಎಂಬ ಆಸೆ. ಮನೆಯವರಿಗೆ ವಕೀಲನಾಗಲಿ ಎಂಬ ಆಸೆ. ಹುಡುಗನಿಗೆ ಎರಡೂ ಬೇಡ. ಆತನ ಮನಸ್ಸೆಲ್ಲ ವಿದ್ಯುತ್ತಿನ ಮೇಲೆ. ಹದಿನೆಂಟು ವರ್ಷಕ್ಕೇ ಫ್ರಾನ್ಸಿನ ದೊಡ್ಡ ವಿದ್ವಾಂಸರಿಗೆ ತನ್ನ ವಿಚಾರಗಳನ್ನು ಬರೆದು ಕಳಿಸುತ್ತಿದ್ದ. ವಿಶ್ವವಿದ್ಯಾಲಯದ ಪದವಿಯನ್ನು ಆತ ಪಡೆಯಲೇ ಇಲ್ಲ. ಆದರೂ 1774ರಲ್ಲಿ ಕೋಮೋದ ಶಾಲೆಗಳ ಮೇಲ್ವಿಚಾರಣೆ ಸಿಕ್ಕಿತು. ಮರುವರ್ಷ ಅಲ್ಲೇ ಭೌತವಿಜ್ಞಾನದ ಅಧ್ಯಾಪಕನಾದ.

ಈಗ 1776ಕ್ಕೆ ಬರೋಣ. ಆ ಕಾಲದಲ್ಲಿ ಗಾಳಿಗಳ ಬಗ್ಗೆ ಯೂರೋಪಿನಲ್ಲಿ ದೊಡ್ಡ ಕುತೂಹಲ ಎದ್ದಿತ್ತು. ಗಾಳಿ ಎಂದರೆ ಒಂದೇ ವಸ್ತು ಎಂದು ನಂಬಿದ್ದ ಜನಕ್ಕೆ, ಅದರಲ್ಲಿ ಬೇರೆ ಬೇರೆ ಜಾತಿಗಳಿವೆ ಎಂದು ಆಗಷ್ಟೇ ತಿಳಿಯತೊಡಗಿತ್ತು. ಹತ್ತು ವರ್ಷ ಹಿಂದೆ ಇಂಗ್ಲೆಂಡಿನ ಕ್ಯಾವೆಂಡಿಶ್ ಲೋಹದ ಚೂರುಗಳಿಗೆ ಆಮ್ಲ ಹಾಕಿ ಉರಿಯುವ ಗಾಳಿಯೊಂದನ್ನು ತಯಾರಿಸಿದ್ದ. ಅದನ್ನೇ ನಾವು ಈಗ ಜಲಜನಕ ಎನ್ನುತ್ತೇವೆ. ಅಮೆರಿಕದಲ್ಲಿ ಕೆಲವು ಕಡೆ ನದಿಯ ಕೆಸರನ್ನು ಕಲಕಿ ಬೆಂಕಿ ಹಿಡಿದರೆ ನೀರೇ ಹೊತ್ತಿಕೊಂಡಂತೆ ಕಾಣುತ್ತದೆ ಎಂದು ಬೆಂಜಮಿನ್ ಫ್ರಾಂಕ್ಲಿನ್ ಬರೆದಿದ್ದ. ವೋಲ್ಟಾನ ಗೆಳೆಯನಾಗಿದ್ದ ಕಾಂಪಿ ಎಂಬ ಪಾದ್ರಿಯೂ ಇಟಲಿಯಲ್ಲೇ, ಸಾನ್ ಕೊಲಂಬಾನೊ ಎಂಬ ಊರಿನ ಬಳಿ ನೀರಿನಿಂದ ಉರಿಯುವ ಗಾಳಿ ಬರುವುದನ್ನು ಕಂಡಿದ್ದ.

ಇದನ್ನೆಲ್ಲ ತಲೆಯಲ್ಲಿ ಇಟ್ಟುಕೊಂಡೇ ವೋಲ್ಟಾ ಆ ವರ್ಷ ನವೆಂಬರ್ ಮೊದಲ ವಾರದಲ್ಲಿ ಮಜ್ಜೋರೆ ಎಂಬ ಸರೋವರಕ್ಕೆ ಹೋದ. ಆಂಜೆರಾ ಎಂಬ ಊರಿನ ಹತ್ತಿರ ಜೊಂಡು ಬೆಳೆದ ಜಾಗ. ತಳದಲ್ಲಿ ಕೊಳೆತ ಎಲೆ, ಬೇರು, ಕೆಸರು. ಕೈಯಲ್ಲಿದ್ದ ಕೋಲಿನಿಂದ ಕೆಸರನ್ನು ಕಲಕಿದ. ಗುಳ್ಳೆಗಳು ಎದ್ದವು. ನೀರು ತುಂಬಿದ ಬಾಟಲಿಯನ್ನು ನೀರಿನೊಳಗೇ ತಲೆಕೆಳಗಾಗಿ ಹಿಡಿದು ಗುಳ್ಳೆಗಳನ್ನು ಅದರೊಳಗೆ ಏರಿಸಿದ. ಗಾಳಿ ಏರಿದಷ್ಟೂ ನೀರು ಕೆಳಗಿಳಿಯಿತು. ಬಾಟಲಿ ತುಂಬಿದ ಮೇಲೆ ಬಾಯಿಗೆ ಉರಿಯುವ ಬತ್ತಿ ತಂದ. ಒಳಗಿನ ಗಾಳಿ ತಿಳಿನೀಲಿ ಜ್ವಾಲೆಯಾಗಿ, ಅವಸರವಿಲ್ಲದೆ ಉರಿಯಿತು.

ಇಲ್ಲಿಗೆ ನಿಲ್ಲಿಸಿದ್ದರೆ ಅದೊಂದು ತಮಾಷೆಯಾಗಿ ಉಳಿದುಹೋಗುತ್ತಿತ್ತು. ವೋಲ್ಟಾ ನಿಲ್ಲಿಸಲಿಲ್ಲ. ಹಳ್ಳ, ಗುಂಡಿ, ಹೊಂಡ, ಎಲ್ಲಿ ಕೊಳೆತ ಕಸ ನೀರಿನಡಿ ಇದೆಯೋ ಅಲ್ಲೆಲ್ಲ ಕೋಲು ಹಿಡಿದು ಹೋದ. ಬಹುಪಾಲು ಕಡೆ ಅದೇ ಗಾಳಿ ಸಿಕ್ಕಿತು. ಗಿಡಬಳ್ಳಿಗಳೂ ಪ್ರಾಣಿಗಳ ಮೈಯೂ ಕೊಳೆತು ಈ ಗಾಳಿ ಹುಟ್ಟುತ್ತದೆ ಎಂದು ತೀರ್ಮಾನಿಸಿದ. ಮತ್ತೂ ಮುಖ್ಯವಾದ ಸಂಗತಿ: ಇದು ಕ್ಯಾವೆಂಡಿಶ್ ಕಂಡ ಜಲಜನಕವಲ್ಲ ಎಂದು ಆತನಿಗೆ ಹೊಳೆಯಿತು. ಎರಡೂ ಉರಿಯುತ್ತವೆ, ನಿಜ. ಆದರೆ ಕೆಸರಿನ ಗಾಳಿ ನಿಧಾನವಾಗಿ ಉರಿಯುತ್ತದೆ, ಪೂರ್ತಿ ಉರಿಯಲು ಬಹಳ ಹೆಚ್ಚು ಗಾಳಿಯನ್ನು ಬೇಡುತ್ತದೆ. ಒಂದು ಲೋಟ ಜಲಜನಕ ಉರಿಯಲು ಸುಮಾರು ಎರಡೂವರೆ ಲೋಟ ಗಾಳಿ ಸಾಕು. ಒಂದು ಲೋಟ ಕೆಸರಿನ ಗಾಳಿಗೆ ಸುಮಾರು ಹತ್ತು ಲೋಟ ಬೇಕು ಎಂದು ಈಗ ನಮಗೆ ಗೊತ್ತಿದೆ. ಕಣ್ಣಿಗೆ ಕಾಣದ, ಬಣ್ಣವಿಲ್ಲದ ಎರಡು ವಸ್ತುಗಳನ್ನು ಹೀಗೆ ಅಳತೆ ಮಾಡಿಯೇ ಬೇರೆ ಬೇರೆ ಎಂದು ಗುರುತಿಸಿದ್ದು ದೊಡ್ಡ ಕೆಲಸ. ಕಾಂಪಿಗೆ ಬರೆದ ಪತ್ರಗಳಲ್ಲಿ ಇದನ್ನೆಲ್ಲ ವಿವರಿಸಿದ. ಅವು 1777ರಲ್ಲಿ ಪುಸ್ತಕವಾಗಿ ಮಿಲಾನ್ ನಗರದಲ್ಲಿ ಪ್ರಕಟವಾದವು.

ಈ ಗಾಳಿಗೆ ಈಗ ಮೀಥೇನ್ ಎಂದು ಹೆಸರು. ಒಂದು ಇಂಗಾಲದ ಪರಮಾಣುವಿಗೆ ನಾಲ್ಕು ಜಲಜನಕದ ಪರಮಾಣುಗಳು ಅಂಟಿಕೊಂಡರೆ ಮೀಥೇನಿನ ಒಂದು ಅಣು. ಆದರೆ ಪರಮಾಣುಗಳ ಲೆಕ್ಕ ವೋಲ್ಟಾನ ಕಾಲಕ್ಕೆ ಇನ್ನೂ ಬಂದಿರಲಿಲ್ಲ. ಡಾಲ್ಟನ್ ಅದನ್ನು ತಂದದ್ದು ಮುಂದಿನ ಶತಮಾನದಲ್ಲಿ. ಮೀಥೇನ್ ಎಂಬ ಹೆಸರು ಬಂದದ್ದು 1866ರಲ್ಲಿ.

ಇಟಲಿಯ ಬೆಟ್ಟಸಾಲಿನಲ್ಲಿ ಪಿಯೆತ್ರಮಾಲಾ ಎಂಬ ಊರಿದೆ. ಅದರ ಹತ್ತಿರ ಕಲ್ಲುನೆಲದಿಂದಲೇ ಬೆಂಕಿ ಏಳುತ್ತಿತ್ತು. ಸೌದೆಯಿಲ್ಲ, ಎಣ್ಣೆಯಿಲ್ಲ, ಆದರೂ ಉರಿ. ನಮ್ಮ ದೇಶದಲ್ಲೂ ಹಿಮಾಚಲ ಪ್ರದೇಶದ ಕಾಂಗಡಾ ಜಿಲ್ಲೆಯ ಜ್ವಾಲಾಮುಖಿ ದೇವಸ್ಥಾನದಲ್ಲಿ ಬಂಡೆಯ ಬಿರುಕಿನಿಂದ ಜ್ವಾಲೆ ಬರುತ್ತದೆ. ಪಿಯೆತ್ರಮಾಲಾದ ಉರಿಗೆ ನೆಲದೊಳಗಿನ ಕಲ್ಲೆಣ್ಣೆ ಕಾರಣ ಎಂದು ಆಗಿನ ಪಂಡಿತರು ಹೇಳುತ್ತಿದ್ದರು. ವೋಲ್ಟಾ 1780ರಲ್ಲಿ ಅಲ್ಲಿಗೇ ಹೋದ. ಪರೀಕ್ಷೆ ಮಾಡಿದ. ಕೆಸರಿನ ಗುಳ್ಳೆಯಲ್ಲಿದ್ದ ಗಾಳಿಯಂಥದ್ದೇ ನೆಲದ ಬಿರುಕುಗಳಿಂದ ಹೊರಬಂದು ಉರಿಯುತ್ತಿದೆ ಎಂದು ತೋರಿಸಿದ. ಕೆರೆಯ ತಳದ ಕೊಳೆಗೂ ಬೆಟ್ಟದ ಬೆಂಕಿಗೂ ನಂಟು ಕಟ್ಟಿದ ದಿನ ಅದು.

ಆದರೆ ಬೆಟ್ಟದ ಒಳಗೆ ಅಷ್ಟು ಅನಿಲ ಬಂದದ್ದಾದರೂ ಹೇಗೆ? ಇದರ ಪೂರ್ತಿ ಉತ್ತರ ಸಿಕ್ಕಿದ್ದು ವೋಲ್ಟಾನ ನಂತರ. ಅದನ್ನು ಈಗಿನ ತಿಳಿವಳಿಕೆಯಂತೆ ಹೇಳುತ್ತೇನೆ, ಕೇಳಿ.

ಕೋಟಿಗಟ್ಟಲೆ ವರ್ಷಗಳ ಹಿಂದೆ ಸಮುದ್ರಗಳಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಸಸ್ಯಗಳೂ ಜೀವಿಗಳೂ ತುಂಬಿದ್ದವು. ಅವು ಸತ್ತು ತಳಕ್ಕೆ ಇಳಿದವು. ಮೇಲೆ ನದಿಗಳು ತಂದ ಹೂಳು ಬಿತ್ತು. ಹೂಳಿನಡಿ ಆಮ್ಲಜನಕ ಇರುವುದಿಲ್ಲ. ಅಲ್ಲಿ ಕೆಲವು ಸೂಕ್ಷ್ಮಜೀವಿಗಳು ಸತ್ತ ವಸ್ತುವನ್ನು ಒಡೆದು ಮೀಥೇನ್ ಬಿಡುತ್ತವೆ. ಗೋಕಟ್ಟೆಯ ಕೆಸರಿನಲ್ಲಿ ನಡೆಯುವುದೂ ಇದೇ. ಹೂಳಿನ ಮೇಲೆ ಹೂಳು ಬಿದ್ದು ಸಾವಿರಾರು ಮೀಟರ್ ದಪ್ಪವಾದಾಗ ಕೆಲಸ ಸೂಕ್ಷ್ಮಜೀವಿಗಳ ಕೈತಪ್ಪಿ ಶಾಖದ ಕೈಗೆ ಹೋಗುತ್ತದೆ. ಭೂಮಿಯಲ್ಲಿ ಒಂದು ಕಿಲೋಮೀಟರ್ ಕೆಳಗಿಳಿದರೆ ಸಾಮಾನ್ಯವಾಗಿ 25ರಿಂದ 30 ಡಿಗ್ರಿ ಸೆಲ್ಸಿಯಸ್ ಬಿಸಿ ಹೆಚ್ಚುತ್ತದೆ. ಸುಮಾರು 60ರಿಂದ 120 ಡಿಗ್ರಿಯ ಬಿಸಿಯಲ್ಲಿ ಆ ಜೀವಾವಶೇಷ ಬಹಳ ಕಾಲ ಬೆಂದು ಕಲ್ಲೆಣ್ಣೆಯಾಗುತ್ತದೆ. ಇನ್ನೂ ಆಳಕ್ಕೆ ಹೋಗಿ 150 ಡಿಗ್ರಿ ದಾಟಿದರೆ ಎಣ್ಣೆಯೂ ಒಡೆದು ಹೆಚ್ಚಾಗಿ ಅನಿಲವೇ ಆಗುತ್ತದೆ.

ಹುಟ್ಟಿದ ಅನಿಲ ಹಗುರ. ಅದು ಮೇಲಕ್ಕೆ ಹೊರಡುತ್ತದೆ. ಇಟ್ಟಿಗೆಯನ್ನು ನೀರಿನಲ್ಲಿ ಅದ್ದಿದರೆ ನೀರು ಹೀರುತ್ತದಲ್ಲ, ಹಾಗೆ ಸಣ್ಣ ರಂಧ್ರಗಳಿರುವ ಮರಳುಗಲ್ಲಿನಲ್ಲಿ ಅನಿಲ ಸೇರಿಕೊಳ್ಳುತ್ತದೆ. ಅದರ ಮೇಲೆ ರಂಧ್ರವಿಲ್ಲದ ಜೇಡಿಶಿಲೆ ಮುಚ್ಚಳದಂತೆ ಕೂತಿದ್ದರೆ ಅನಿಲ ಅಲ್ಲೇ ಸಿಕ್ಕಿಬೀಳುತ್ತದೆ. ಮುಚ್ಚಳ ಬಿರುಕು ಬಿಟ್ಟ ಕಡೆ ಹೊರಬಂದು ಪಿಯೆತ್ರಮಾಲಾದಂತೆ ಉರಿಯಬಹುದು. ಭೂಮಿಯೊಳಗೆ ಅನಿಲದ ಕೆರೆ, ಗುಹೆ ಇರುತ್ತದೆ ಎಂದು ಹಲವರು ಅಂದುಕೊಂಡಿದ್ದಾರೆ. ಹಾಗೇನೂ ಇಲ್ಲ. ಅನಿಲ ಇರುವುದು ಕಲ್ಲಿನ ಸಂದುಗಳಲ್ಲಿ.

ಹೀಗೆ ಸಿಗುವ ನೈಸರ್ಗಿಕ ಅನಿಲದಲ್ಲಿ ಬಹುಪಾಲು ಮೀಥೇನ್. ಜೊತೆಗೆ ಅದರ ದಾಯಾದಿಗಳಾದ ಈಥೇನ್, ಪ್ರೊಪೇನ್, ಬ್ಯೂಟೇನ್ ಸ್ವಲ್ಪ ಸ್ವಲ್ಪ ಇರುತ್ತವೆ. ಉರಿಯದ ಇಂಗಾಲದ ಡೈಆಕ್ಸೈಡ್ ಮತ್ತು ಸಾರಜನಕವೂ ಇರುತ್ತವೆ. ಕೆಲವು ಬಾವಿಗಳಲ್ಲಿ ಕೊಳೆತ ಮೊಟ್ಟೆಯ ವಾಸನೆಯ, ವಿಷಕಾರಿಯಾದ ಹೈಡ್ರೊಜನ್ ಸಲ್ಫೈಡ್ ಇರುತ್ತದೆ. ಅದನ್ನು ತೆಗೆದುಹಾಕಿಯೇ ಅನಿಲವನ್ನು ಬಳಕೆಗೆ ಬಿಡಬೇಕು. ಕೆಲವು ಕಡೆ ಹೀಲಿಯಂ ಕೂಡ ಸಿಗುತ್ತದೆ. ಜಾತ್ರೆಯಲ್ಲಿ ಮೇಲಕ್ಕೆ ಹಾರುವ ಬಲೂನಿನೊಳಗಿನ ಹೀಲಿಯಂ ಬಹುಮಟ್ಟಿಗೆ ಇಂಥ ಬಾವಿಗಳಿಂದಲೇ ಬಂದದ್ದು. ಇನ್ನೊಂದು ಮಾತು. ನಿಮ್ಮ ಮನೆಯ ಅಡುಗೆ ಸಿಲಿಂಡರಿನಲ್ಲಿ ಇರುವುದು ಮೀಥೇನ್ ಅಲ್ಲ, ಒತ್ತಡದಿಂದ ದ್ರವ ಮಾಡಿದ ಪ್ರೊಪೇನ್ ಮತ್ತು ಬ್ಯೂಟೇನ್. ಮೀಥೇನ್ ಗಾಳಿಗಿಂತ ಹಗುರ, ಸೋರಿದರೆ ಮೇಲೇರುತ್ತದೆ. ಸಿಲಿಂಡರಿನ ಅನಿಲ ಗಾಳಿಗಿಂತ ಭಾರ, ಸೋರಿದರೆ ನೆಲದ ಮೇಲೇ ಹರಡಿಕೊಳ್ಳುತ್ತದೆ. ಇವಕ್ಕೆ ತಮ್ಮದೇ ಆದ ವಾಸನೆ ಇಲ್ಲ. ಸೋರಿದ್ದು ಗೊತ್ತಾಗಲಿ ಎಂದೇ ಕೆಟ್ಟ ವಾಸನೆಯ ಮರ್‌ಕ್ಯಾಪ್ಟನ್ ಎಂಬ ವಸ್ತುವನ್ನು ಬೆರೆಸುತ್ತಾರೆ.

ಹಾಗಾದರೆ ಕೊಂಡ್ಲಹಳ್ಳಿಯಲ್ಲಿ ಬೋರ್‌ವೆಲ್ ಕೊರೆದಾಗ ಅನಿಲ ಯಾಕೆ ಬರುವುದಿಲ್ಲ? ನೀರೇ ಬರುವುದಿಲ್ಲ, ಅನಿಲವೆಲ್ಲಿ ಎಂದು ನೀವು ನಗಬಹುದು. ಕಾರಣ ಕಾಲಡಿಯ ಬಂಡೆಯಲ್ಲೇ ಇದೆ. ಮೊಳಕಾಲ್ಮುರು ಸೀಮೆಯ ಗ್ರಾನೈಟ್ ಬೆಟ್ಟಗಳು ಸುಮಾರು 250 ಕೋಟಿ ವರ್ಷಗಳಷ್ಟು ಹಳೆಯವು. ಅವು ಕರಗಿದ ಶಿಲೆ ತಣ್ಣಗಾಗಿ ಗಟ್ಟಿಯಾದದ್ದು, ಹೂಳು ಕೂತು ಆದದ್ದಲ್ಲ. ಅದರಲ್ಲಿ ಕೊಳೆಯಲು ಏನೂ ಇರಲಿಲ್ಲ, ಅನಿಲ ಹಿಡಿದಿಡಲು ರಂಧ್ರಗಳೂ ಇಲ್ಲ. 1974ರಲ್ಲಿ ಎಣ್ಣೆ, ಅನಿಲ ಸಿಕ್ಕ ಮುಂಬಯಿ ಹೈ ಇರುವುದು ಸಮುದ್ರದ ತಳದ ಮಡ್ಡಿಶಿಲೆಗಳಲ್ಲಿ. ಆಂಧ್ರದ ಕೃಷ್ಣಾ ಗೋದಾವರಿ ತೀರದ ಅನಿಲವೂ ಹಾಗೆಯೇ ಹೂಳು ಕೂತ ಜಾಗದ್ದು. ಚಿತ್ರದುರ್ಗ ಜಿಲ್ಲೆಗೆ ನೈಸರ್ಗಿಕ ಅನಿಲ ಬಂದದ್ದು ಕೊಳವೆಯಲ್ಲಿ. ಮಹಾರಾಷ್ಟ್ರದ ದಾಭೋಲ್‌ನಿಂದ ಬೆಂಗಳೂರಿಗೆ 2013ರಲ್ಲಿ ಶುರುವಾದ ಕೊಳವೆ ಮಾರ್ಗ ಈ ಜಿಲ್ಲೆಯನ್ನು ಹಾದುಹೋಗುತ್ತದೆ.

ಮತ್ತೆ ವೋಲ್ಟಾನ ಕಡೆಗೆ ಬರೋಣ. ಮೀಥೇನ್ ಸಿಕ್ಕ ಖುಷಿಯಲ್ಲಿ ಆತ 1777ರಲ್ಲಿ ಒಂದು ಪಿಸ್ತೂಲು ಮಾಡಿದ. ಅದರಲ್ಲಿ ಗುಂಡಿಲ್ಲ, ಮದ್ದಿಲ್ಲ. ಒಂದು ಸಣ್ಣ ಪಾತ್ರೆಯಲ್ಲಿ ಉರಿಯುವ ಅನಿಲ ಮತ್ತು ಗಾಳಿ ಬೆರೆಸಿ ಬಿರಡೆ ಹಾಕುವುದು, ಒಳಗೆ ವಿದ್ಯುತ್ತಿನ ಕಿಡಿ ಹಾರಿಸುವುದು. ಡಮ್ಮೆಂದು ಬಿರಡೆ ಹಾರಿಹೋಗುತ್ತಿತ್ತು. ಮರದ ಕಂಬಗಳ ಮೇಲೆ ತಂತಿ ಎಳೆದು, ಕೋಮೋದಲ್ಲಿ ಕಿಡಿ ಕೊಟ್ಟರೆ ಹತ್ತಾರು ಕಿಲೋಮೀಟರ್ ದೂರದ ಮಿಲಾನಿನಲ್ಲಿ ಪಿಸ್ತೂಲು ಸಿಡಿಯುವಂತೆ ಮಾಡಬಹುದು ಎಂದೂ ಯೋಚಿಸಿದ. ತಂತಿ ಮೂಲಕ ಸಂದೇಶ ಕಳಿಸುವ ಕನಸು ಅದು, ಟೆಲಿಗ್ರಾಫ್ ಬರುವುದಕ್ಕೆ ಎಷ್ಟೋ ವರ್ಷ ಮೊದಲೇ! ಅದೇ ಉಪಾಯದಿಂದ ಗಾಳಿಯಲ್ಲಿ ಆಮ್ಲಜನಕ ಎಷ್ಟಿದೆ ಎಂದು ಅಳೆಯುವ ಸಾಧನವನ್ನೂ ಮಾಡಿದ. ನಿಮ್ಮೂರಿನ ಬೈಕಿನ ಇಂಜಿನ್ನಿನಲ್ಲಿ ಸ್ಪಾರ್ಕ್ ಪ್ಲಗ್ ಮಾಡುವ ಕೆಲಸವೂ ಇದೇ ಅಲ್ಲವೇ? ಆದರೆ ಇವೆಲ್ಲ ಮನೆಯಲ್ಲಿ ಮಾಡಿ ನೋಡುವ ಪ್ರಯೋಗಗಳಲ್ಲ. ಅನಿಲ ಮತ್ತು ಗಾಳಿ ಬೆರೆತ ಪಾತ್ರೆ ಸಿಡಿದರೆ ಕಣ್ಣೇ ಹೋಗಬಹುದು.

ಮುಂದೆ ವೋಲ್ಟಾ ಪಾವಿಯಾ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕನಾದ. ಗಾಲ್ವಾನಿ ಎಂಬ ವೈದ್ಯ ಸತ್ತ ಕಪ್ಪೆಯ ಕಾಲಿಗೆ ಎರಡು ಲೋಹ ಮುಟ್ಟಿಸಿದಾಗ ಕಾಲು ಅದುರಿತು. ಕಪ್ಪೆಯಲ್ಲೇ ವಿದ್ಯುತ್ತಿದೆ ಎಂದು ಗಾಲ್ವಾನಿ ವಾದಿಸಿದ. ಮೊದಲು ಒಪ್ಪಿದ್ದ ವೋಲ್ಟಾ, ಆಮೇಲೆ ವಿದ್ಯುತ್ತು ಬರುವುದು ಎರಡು ಬೇರೆ ಲೋಹಗಳ ಸಂಪರ್ಕದಿಂದ ಎಂದು ಹಠ ಹಿಡಿದ. ಅದನ್ನು ತೋರಿಸಲು ಬೆಳ್ಳಿ ಮತ್ತು ಸತುವಿನ ಬಿಲ್ಲೆಗಳ ನಡುವೆ ಉಪ್ಪುನೀರಿನಲ್ಲಿ ನೆನೆದ ರಟ್ಟು ಇಟ್ಟು ಒಂದರ ಮೇಲೊಂದು ಪೇರಿಸಿದ. ಎಡೆಬಿಡದೆ ವಿದ್ಯುತ್ ಹರಿಯಿತು. 1799ರಲ್ಲಿ ಮಾಡಿದ ಆ ಸಾಧನದ ವಿವರವನ್ನು 1800ರ ಮಾರ್ಚ್ 20ರಂದು ಲಂಡನ್ನಿನ ರಾಯಲ್ ಸೊಸೈಟಿಗೆ ಪತ್ರದಲ್ಲಿ ಬರೆದ. ಮರುವರ್ಷ ಪ್ಯಾರಿಸ್ಸಿನಲ್ಲಿ ನೆಪೋಲಿಯನ್ ಎದುರು ಪ್ರಯೋಗ ಮಾಡಿ ತೋರಿಸಿ ಚಿನ್ನದ ಪದಕ ಪಡೆದ. ಹಣ, ಮಾನ, ಬಿರುದು ಎಲ್ಲ ಬಂದವು. ಆದರೂ ಆತ ಹೆಚ್ಚಿಗೆ ಬಯಸಿದ್ದು ಮನೆಯ ನೆಮ್ಮದಿಯನ್ನು. 49ನೆಯ ವಯಸ್ಸಿನಲ್ಲಿ ಮದುವೆಯಾಗಿದ್ದ ಆತನಿಗೆ ಮೂವರು ಗಂಡುಮಕ್ಕಳು. 1819ರಲ್ಲಿ ನಿವೃತ್ತನಾಗಿ ಕೋಮೋದ ಸೀಮೆಗೆ ಮರಳಿದ. 1827ರ ಮಾರ್ಚ್ 5ರಂದು, 82ನೆಯ ವಯಸ್ಸಿನಲ್ಲಿ ತೀರಿಕೊಂಡ. ವಿದ್ಯುತ್ತಿನ ಅಳತೆಗೆ ವೋಲ್ಟ್ ಎಂಬ ಹೆಸರನ್ನು 1881ರಲ್ಲಿ ಇಟ್ಟರು.

ವೋಲ್ಟಾನ ಕೆಸರಿನ ಗಾಳಿ ನಮ್ಮ ನಾಡಿನಲ್ಲಿ ಏನಾಯಿತು ಎಂಬುದನ್ನೂ ಹೇಳಬೇಕು. ಗೋಬರ್ ಗ್ಯಾಸ್ ಗುಂಡಿಯಲ್ಲಿ ಸಗಣಿಯ ಬಗ್ಗಡವನ್ನು ಗಾಳಿಯಾಡದಂತೆ ಮುಚ್ಚಿಟ್ಟರೆ ಅದೇ ಸೂಕ್ಷ್ಮಜೀವಿಗಳು ಅದೇ ಮೀಥೇನ್ ಮಾಡುತ್ತವೆ. ಈ ಅನಿಲದಲ್ಲಿ ಅರ್ಧಕ್ಕಿಂತ ಹೆಚ್ಚು ಮೀಥೇನ್, ಉಳಿದದ್ದರಲ್ಲಿ ಹೆಚ್ಚಿನದು ಇಂಗಾಲದ ಡೈಆಕ್ಸೈಡ್. ಭೂಮಿಯೊಳಗೆ ಕೋಟಿಗಟ್ಟಲೆ ವರ್ಷ ಹಿಡಿಯುವ ಕೆಲಸ ಇಲ್ಲಿ ಕೆಲವು ವಾರಗಳಲ್ಲೇ ಮುಗಿಯುತ್ತದೆ. ಇಂಥ ಗುಂಡಿಗೆ, ಹಳೆಯ ಮಲಗುಂಡಿಗೆ ಯಾರೂ ಇಳಿಯಬಾರದು. ಒಳಗೆ ಉಸಿರಾಡಲು ಆಮ್ಲಜನಕ ಇರುವುದಿಲ್ಲ, ವಿಷಾನಿಲ ಇರುತ್ತದೆ. ಇಳಿದವನನ್ನು ಎತ್ತಲು ಇಳಿದವನೂ ಸತ್ತ ಸುದ್ದಿಗಳನ್ನು ಪತ್ರಿಕೆಯಲ್ಲಿ ಎಷ್ಟೋ ಸಲ ಓದಿದ್ದೇವೆ.

ತುಮಕೂರು ಜಿಲ್ಲೆಯ ಕುಣಿಗಲ್ ತಾಲ್ಲೂಕಿನಲ್ಲಿ ಪುರ ಎಂಬ ಸಣ್ಣ ಹಳ್ಳಿಯಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಸ್ತ್ರ ಎಂಬ ಘಟಕ ಕಟ್ಟಿದ ಎ.ಕೆ.ಎನ್. ರೆಡ್ಡಿ ಮತ್ತು ಅವರ ಜೊತೆಯವರು ಅಲ್ಲಿ ಊರಿಗೆಲ್ಲ ಸೇರಿ ಒಂದು ಗೋಬರ್ ಗ್ಯಾಸ್ ಘಟಕ ಮಾಡಿದರು. ಅಡುಗೆಗೆ ಅನಿಲ ಕೊಡುವುದು ಮೊದಲ ಆಲೋಚನೆ. ಆದರೆ ಎಲ್ಲ ಮನೆಗಳ ಒಲೆಗೆ ಸಾಲುವಷ್ಟು ಸಗಣಿ ಊರಿನಲ್ಲಿ ಇರಲಿಲ್ಲ. ಊರಿನವರಿಗೆ ಅದಕ್ಕಿಂತ ಮೊದಲು ಬೇಕಾಗಿದ್ದದ್ದು ಕುಡಿಯುವ ನೀರು. ಹೀಗಾಗಿ ಯೋಜನೆಯನ್ನೇ ಬದಲಾಯಿಸಿದರು. ಅನಿಲದಿಂದ ಇಂಜಿನ್ ಓಡಿಸಿ, ಅದರಿಂದ ವಿದ್ಯುತ್ ಮಾಡಿ, ಕೊಳವೆಬಾವಿಯ ನೀರನ್ನು ಮೇಲೆತ್ತಿ ಊರಿಗೆ ಹರಿಸಿದರು. 1987ರಿಂದ ಮನೆಗಳಲ್ಲಿ ಆ ವಿದ್ಯುತ್ತಿನ ದೀಪಗಳೂ ಉರಿದವು. ಹೆಂಗಸರು, ಮಕ್ಕಳು ಬುಟ್ಟಿಯಲ್ಲಿ ಸಗಣಿ ತಂದು ತೂಕ ಮಾಡಿಸಿ ಕೊಡುತ್ತಿದ್ದರು, ಅದಕ್ಕೆ ಇಷ್ಟು ಎಂದು ಹಣ ಸಿಗುತ್ತಿತ್ತು. ಅನಿಲ ತೆಗೆದ ಮೇಲೆ ಉಳಿದ ಬಗ್ಗಡ ಗೊಬ್ಬರವಾಗಿ, ಅವರವರು ತಂದ ಲೆಕ್ಕದಂತೆ, ಅವರವರ ಹೊಲಕ್ಕೇ ಹೋಗುತ್ತಿತ್ತು.